ಆರ್‌ಒ ಬಿಟ್ಟು ಮರಳು ಹಿಡಿದೆ

ಡ್ರಮ್ಮಿಗೆ ಮರಳು ತುಂಬಿ ಬೋರ್ ನೀರು ಸೋಸುತ್ತಾನಂತೆ ಎಂದು ನಕ್ಕವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಎರಡು ಮಳೆಗಾಲ ದಾಟಿದರೂ ನಮ್ಮ ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂದಿಲ್ಲ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ.

ನಮ್ಮದು ಕೊಡಗಿನ ಮಾದಾಪುರದ ಕಡೆ. ಹಿಂದೆ ಗುಡ್ಡದ ಒರತೆಯಿಂದ ಪೈಪ್ ಎಳೆದು ಕುಡಿಯುತ್ತಿದ್ದೆವು. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದ ಮಗ್ಗುಲ ಬರೆ ಜರಿದು ಒರತೆ ಮಣ್ಣಿನಡಿ ಸೇರಿತು. ಆಮೇಲೆ ಕೊರೆಸಿದ ಬೋರ್‌ನಲ್ಲಿ ನೀರಿಗೇನೂ ಬರವಿಲ್ಲ, ಆದರೆ ಕಬ್ಬಿಣ. ಬಂದಾಗ ತಿಳಿನೀರು, ಸಂಜೆಯ ಹೊತ್ತಿಗೆ ಬಕೆಟ್ಟಿನ ತಳದಲ್ಲಿ ಕೆಂಪು ಬಗ್ಗಡ. ಬಿಳಿ ಬಟ್ಟೆ ಹಳದಿ, ಅಕ್ಕಿಯ ಕಡಂಬುಟ್ಟು ಕಂದು, ಚಹಾ ಅಂತೂ ಶಾಯಿ. ಪೇರಳೆ ಎಲೆ ಜಜ್ಜಿ ಲೋಟಕ್ಕೆ ಹಾಕಿದರೆ ನೀರು ನೋಡುತ್ತಿದ್ದಂತೆ ನೇರಳೆಗಪ್ಪಾಗುತ್ತಿತ್ತು. ಮಡಿಕೇರಿಯಲ್ಲಿ ಪರೀಕ್ಷೆ ಮಾಡಿಸಿದಾಗ ಲೀಟರಿಗೆ ಕಬ್ಬಿಣ ನಾಲ್ಕು ಮಿಲಿಗ್ರಾಂ ಆಸುಪಾಸು, ಪಿಎಚ್ (ಏಳಕ್ಕಿಂತ ಇಳಿದಷ್ಟೂ ನೀರು ಹುಳಿ) ಆರಕ್ಕಿಂತ ತುಸು ಕಡಿಮೆ, ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣಗಳ ಲೆಕ್ಕ ಎಪ್ಪತ್ತೋ ಏನೋ ಬಂದಿತ್ತು. ಕಬ್ಬಿಣ 1 ಮಿಲಿಗ್ರಾಂ ದಾಟಬಾರದು, ಪಿಎಚ್ 6.5ಕ್ಕಿಂತ ಇಳಿಯಬಾರದು ಎನ್ನುತ್ತದೆ ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಟಿಡಿಎಸ್ 500ರವರೆಗೆ ಇರಬಹುದು. ಎಪ್ಪತ್ತಿರುವ ನೀರಿಗೆ, ಕರಗಿದ ಲವಣ ತೆಗೆಯುವ ಆರ್‌ಒ ಯಂತ್ರ ಏಕೆ ಎಂಬುದು ನನಗೆ ಅಂದಿನಿಂದಲೂ ಅರ್ಥವಾಗದ ಮಾತು.

ಆರ್‌ಒ ಮಾರಲು ಒಬ್ಬ ಹುಡುಗ ಬಂದಿದ್ದ. ಎರಡು ಲೋಟ, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಒ ನೀರು. ಸಲಾಕೆಗಳಿರುವ ಪೆಟ್ಟಿಗೆಯನ್ನು ಎರಡರಲ್ಲೂ ಇಳಿಸಿ ಕರೆಂಟು ಕೊಟ್ಟ. ನಮ್ಮ ಲೋಟ ಕ್ಷಣದಲ್ಲಿ ಕಂದು ರಾಡಿಯಾಯಿತು, ಅವನದು ಹಾಗೇ ಇತ್ತು. "ನೋಡಿ ಸಾರ್, ನೀವು ಕುಡಿಯುವುದು ಇದನ್ನೇ" ಎಂದ. ಅವ್ವ ಹೌಹಾರಿದರು. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಆರ್‌ಒ ನೀರಿಗೆ ಹಾಕಿ, ಈಗ ಇನ್ನೊಮ್ಮೆ ಇಳಿಸು ಎಂದೆ. ಅದೂ ರಾಡಿ, ನಮ್ಮದಕ್ಕಿಂತ ಗಟ್ಟಿ. ಕರಗುವುದು ಅವನ ಕಬ್ಬಿಣದ ಸಲಾಕೆಯೇ. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹುಡುಗ ಚಹಾ ಕುಡಿಯದೆಯೇ ಹೊರಟ.

ಹಾಗೆಂದು ಮನೆಯಲ್ಲಿ ಆರ್‌ಒ ಇರಲಿಲ್ಲವೆಂದಲ್ಲ. ಭಾವ ಉಡುಗೊರೆಯಾಗಿ ಕೊಟ್ಟದ್ದೊಂದು ಗೋಡೆಯಲ್ಲಿ ತೂಗುತ್ತಿತ್ತು, ಬೆಲೆ ಹದಿನಾರು ಸಾವಿರದ ಮೇಲೆ. ಕಬ್ಬಿಣ ಮೊದಲು ಹಿಡಿಯುವುದೇ ಅದರೊಳಗಿನ ಸೋಸುವ ಪೊರೆಯನ್ನು, ಮೆಂಬ್ರೇನನ್ನು. ವರ್ಷ ತುಂಬುವ ಮೊದಲೇ ಅದು ಕಟ್ಟಿಕೊಂಡಿತು. ಬದಲಿಸಲು ಮೂರು ಸಾವಿರ, ಅದೂ ಅಷ್ಟೇ ಬಾಳಿತು. ಜುಲೈನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗ ಅದೊಂದು ಅಲಂಕಾರದ ಡಬ್ಬ. ಮೈಸೂರಿನ ಒಬ್ಬ ವ್ಯಾಪಾರಿ ಇಡೀ ಮನೆಗೆ ಐರನ್ ಫಿಲ್ಟರ್ ಕೂರಿಸಲು ಎಪ್ಪತ್ತು ಸಾವಿರದ ಲೆಕ್ಕ ಕೊಟ್ಟ. ನಮ್ಮ ಪಿಎಚ್ ಎಷ್ಟೆಂದು ಆತ ಕೇಳಲೂ ಇಲ್ಲ. ಹುಳಿ ನೀರಿನಲ್ಲಿ ಕಬ್ಬಿಣ ಗಾಳಿ ತಾಗಿದರೂ ಬೇಗ ತುಕ್ಕಾಗುವುದಿಲ್ಲ. ಪಿಎಚ್ ಏಳರ ಹತ್ತಿರ ಬಂದರೆ ಮಾತ್ರ ಕೆಂಪಾಗಿ ಗಟ್ಟಿಕಟ್ಟುತ್ತದೆ, ಆಗ ಮರಳು ಅದನ್ನು ಹಿಡಿಯುತ್ತದೆ. ಸೋಸುವುದಕ್ಕೆ ಮೊದಲು ಹುಳಿ ಮುರಿಯಬೇಕು. ನನ್ನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆಯೇ.

ಮನೆಯ ಹಿಂದಿನ ಬರೆಯ ಮೇಲೆ ಜಾಗ ಮಾಡಿಕೊಂಡೆ, ಇಳಿಜಾರಿದ್ದರೆ ಎರಡನೇ ಪಂಪ್ ಬೇಡ. ಬೋರ್ ನೀರು ತೂತು ಕೊರೆದ ಪಿವಿಸಿ ಪೈಪಿನಿಂದ ಒಂದರ ಕೆಳಗೊಂದಿಟ್ಟ ಪ್ಲಾಸ್ಟಿಕ್ ಕ್ರೇಟ್‌ಗಳ ಮೇಲೆ, ಗಾಳಿ ಸೇರಲೆಂದು, ಮಳೆಯಂತೆ ಬೀಳುತ್ತದೆ. ಮೇಲಿನವುಗಳಲ್ಲಿ ಜಲ್ಲಿ, ಕೆಳಗಿನದರಲ್ಲಿ ಹುಳಿ ಮುರಿಯುವ ಮಾರ್ಬಲ್ ಚಿಪ್ಸ್. ಅಲ್ಲಿಂದ ಐನೂರು ಲೀಟರಿನ ಟ್ಯಾಂಕಿನಲ್ಲಿ ರಾತ್ರಿಯಿಡೀ ತಂಗಿ, ಬೆಳಿಗ್ಗೆ ಇನ್ನೂರು ಲೀಟರಿನ ನೀಲಿ ಡ್ರಮ್ಮಿನ ಮರಳಿಗೆ ಇಳಿಯುತ್ತದೆ. ಪೈಪಿನ ತೂತಿನ ಅಳತೆ ಮತ್ತು ಕ್ರೇಟ್‌ಗಳ ನಡುವಿನ ಅಂತರ ನಾನೇ ತಿದ್ದಿ ತಿದ್ದಿ ಹಿಡಿದದ್ದು, ಅದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮಾರ್ಬಲ್ ಎಂದರೆ ಎಲ್ಲ ಮಾರ್ಬಲ್ ಅಲ್ಲ. ಕುಶಾಲನಗರದಲ್ಲಿ ಕೊಂಡ ಮೊದಲ ಚೀಲದಲ್ಲಿ ಅರ್ಧಕ್ಕರ್ಧ ಬೇರೆ ಬಿಳಿ ಕಲ್ಲು, ಪಿಎಚ್ ಒಂದು ಚೂರೂ ಏರಲಿಲ್ಲ. ಆಮೇಲೆ ಅಂಗಡಿಗೆ ಹೋಗುವಾಗ ಪುಟ್ಟ ಸೀಸೆಯಲ್ಲಿ ಕಾಚಂಪುಳಿ, ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ ರಸ, ಒಯ್ದೆ. ಸ್ವಲ್ಪ ನೀರು ಬೆರೆಸಿದ ಕಾಚಂಪುಳಿಯ ಹನಿ ಬಿದ್ದ ಕೂಡಲೇ ಕಲ್ಲಿನ ಮೇಲೆ ಸಣ್ಣ ಗುಳ್ಳೆಗಳೆದ್ದು ಕಪ್ಪು ಹನಿಯ ಅಂಚಿಗೆ ನೊರೆ ಕೂತರೆ ಅದು ನಮಗೆ ಬೇಕಾದ ಕಲ್ಲು. ಸುಮ್ಮನೆ ಕಪ್ಪಾಗಿ ಕೂತರೆ ವಾಪಸ್. ಅಂಗಡಿಯವನು ನನ್ನನ್ನು ಒಂದು ತರಹ ನೋಡಿದ. ಪಂದಿ ಕರಿಗೆಂದು ಕಾದಿಟ್ಟದ್ದು ಕಲ್ಲಿಗೆ ಹೋಯಿತೆಂದು ಮನೆಯಲ್ಲಿಯೂ ಮಾತು ಕೇಳಬೇಕಾಯಿತು. ಚಿಪ್ಸ್ ಮೇಲೆ ಕೆಂಪು ಲೇಪ ಕೂತರೆ ಕೆಲಸ ನಿಲ್ಲುತ್ತದೆ, ಹಾಗಾಗಿ ಎರಡು ವಾರಕ್ಕೊಮ್ಮೆ ಕ್ರೇಟ್ ಇಳಿಸಿ ಹಳೆಯ ಪೊರಕೆಯಲ್ಲಿ ಉಜ್ಜಬೇಕು. ಕಲ್ಲು ಸವೆಯುತ್ತದೆ, ವರ್ಷಕ್ಕೊಮ್ಮೆ ತುಂಬುತ್ತೇನೆ.

ತೋಟಕ್ಕೆ ಹಾಕುವ ಕೃಷಿ ಸುಣ್ಣವೇ ಇದೆಯಲ್ಲ ಎಂದು ಅದನ್ನೂ ಕಟ್ಟಿ ಇಳಿಸಿ ನೋಡಿದೆ. ಪುಡಿ ಕೆಸರಾಗಿ ಪೈಪ್ ಮುಚ್ಚಿತು.

ಮರಳಿನ ವಿಷಯಕ್ಕೆ ಬರುತ್ತೇನೆ. ಹೊಳೆ ಮರಳು ಸಿಗುವುದು ಕಷ್ಟ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಹಾಕಿದೆ. ಎಷ್ಟು ತೊಳೆದರೂ ಬೂದಿ ನೀರು ನಿಲ್ಲಲಿಲ್ಲ, ಕೊನೆಗೆ ನುಣ್ಣನೆಯ ಪುಡಿ ಮೇಲ್ಪದರದಲ್ಲಿ ಸಿಮೆಂಟಿನ ಹಾಗೆ ಕೂತು ನೀರಿಳಿಯುವುದೇ ನಿಂತಿತು. ಎಲ್ಲವನ್ನೂ ತೆಗೆದು ಮೈಸೂರಿನಿಂದ ಫಿಲ್ಟರ್ ಮರಳು ತರಿಸಿದೆ, ಬಸ್ಸಿನ ಲಗೇಜ್ ಸೇರಿ ಚೀಲಕ್ಕೆ ಏಳುನೂರು ಬಿತ್ತು. ತಳಕ್ಕೆ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣದು, ಒಟ್ಟು ಎರಡು ಅಡಿಗೆ ಮೇಲೆ. ಹೊಸ ಮರಳು ಮೊದಲ ಕೆಲವು ವಾರ ಸೋಮಾರಿ. ಕಣದ ಮೈಗೆ ಕೆಂಪು ಹತ್ತಿದ ಮೇಲೆ ಅದೇ ಕೆಂಪು ಹೊಸ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಕೆಳಗಿನಿಂದ ನೀರು ಹಾಯಿಸಿ ಬ್ಯಾಕ್‌ವಾಶ್ ಮಾಡಿ, ಆದರೆ ಮರಳನ್ನು ಬಿಳಿ ಮಾಡಲು ಹೋಗಬೇಡಿ. ಗೆಳೆಯನೊಬ್ಬ ತಿಕ್ಕಿ ತೊಳೆದು ಮತ್ತೆ ಮೊದಲಿನಿಂದ ಕಾದ.

ಟ್ಯಾಂಕ್, ಡ್ರಮ್, ಪೈಪ್, ವಾಲ್ವ್, ಮರಳು, ಪ್ಲಂಬರ್ ಕೂಲಿ, ಎಂ-ಸ್ಯಾಂಡಿಗೆ ದಂಡ ತೆತ್ತದ್ದು ಎಲ್ಲ ಸೇರಿ ಇಪ್ಪತ್ತನಾಲ್ಕು ಸಾವಿರ ಇರಬೇಕು. ವ್ಯಾಪಾರಿ ಹೇಳಿದ್ದರ ಮೂರರಲ್ಲೊಂದು. ಮತ್ತೆ ಪರೀಕ್ಷೆ ಮಾಡಿಸಿದಾಗ ಕಬ್ಬಿಣ ಅರ್ಧ ಮಿಲಿಗ್ರಾಮಿಗೂ ಕಡಿಮೆ, ಪಿಎಚ್ ಏಳರ ಹತ್ತಿರ. ಈ ಕಾಗದವನ್ನು ಭಾವನ ಮುಂದಿಟ್ಟದ್ದಷ್ಟೇ, ನಾನೇನೂ ಮಾತಾಡಲಿಲ್ಲ.

ನಡುವೆ ಬೇರೆ ಆಟಗಳೂ ಆದವು. ಬ್ಲೀಚಿಂಗ್ ಪುಡಿ ಕಬ್ಬಿಣವನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ನಮ್ಮದೇ ತೋಟದ ಕಾಫಿಯಲ್ಲಿ ಆಸ್ಪತ್ರೆಯ ವಾಸನೆ ಬಂದರೆ ಯಾರು ಕುಡಿಯುತ್ತಾರೆ? ನುಗ್ಗೆ ಬೀಜದ ಪುಡಿ ಒಂದು ಕೊಡಕ್ಕೆ ಸರಿ, ಟ್ಯಾಂಕಿಗೆ ಹಾಕಿದರೆ ಮಾರನೇ ದಿನ ನಾತ. ಬ್ಯಾಕ್‌ವಾಶ್‌ನ ಕೆಂಪು ಬಗ್ಗಡವನ್ನು ಗುಂಡಿಯಲ್ಲಿ ಒಣಗಿಸಿ ಸುಣ್ಣಕ್ಕೆ ಬೆರೆಸಿ ತೋಟದ ಕೆಲಸಗಾರರ ಲೈನ್ ಮನೆಯ ಒಂದು ಗೋಡೆಗೆ ಬಳಿಸಿದೆ. ಕಾವಿ ಬಣ್ಣ ಬರುತ್ತದೆಂದುಕೊಂಡರೆ ಬಂದದ್ದು ಚಂದದ ಹಳದಿ. ಮಳೆಗೆ ಇನ್ನೂ ಹೋಗಿಲ್ಲ.

ಕುಡಿಯುವ ನೀರನ್ನು ಈಗಲೂ ಕುದಿಸುತ್ತೇವೆ. ಈ ಮರಳು ಕಬ್ಬಿಣಕ್ಕಷ್ಟೇ, ಕ್ರಿಮಿಗಳಿಗೆ ಇದನ್ನು ನಂಬಬೇಡಿ. ಬಚ್ಚಲಿನ ಒಲೆಯಂತೂ ದಿನವೂ ಉರಿಯುತ್ತದೆ, ಒಂದು ಪಾತ್ರೆ ಹೆಚ್ಚಿಗೆ ಇಡುವುದು ಹೊರೆಯಲ್ಲ.

ಸುಂಟಿಕೊಪ್ಪದ ಒಬ್ಬರ ಮನೆಯಲ್ಲಿ ಇದನ್ನೇ ಕಟ್ಟಿಸಿದೆವು, ಕೆಂಪು ಹೋಯಿತು, ಆದರೆ ಟ್ಯಾಂಕಿನ ಗೋಡೆ ಕಪ್ಪಾಗುತ್ತಲೇ ಇದೆ. ಅದು ಮ್ಯಾಂಗನೀಸ್. ಗಾಳಿಗೆ ಅಷ್ಟು ಸುಲಭವಾಗಿ ಬಗ್ಗುವ ಜಾತಿಯಲ್ಲ, ಪಿಎಚ್ ಇನ್ನೂ ಮೇಲೇರಬೇಕು. ಅಲ್ಲಿ ಈಗ ಇನ್ನೊಂದು ಕ್ರೇಟ್ ಮಾರ್ಬಲ್ ಸೇರಿಸಿದ್ದೇವೆ. ಮಳೆ ನಿಂತ ಮೇಲೆ ನೀರನ್ನು ಮಡಿಕೇರಿಗೆ ಒಯ್ಯಬೇಕು.