ವಾರಕ್ಕೊಂದೇ ಹಾಡು: ಮೈಸೂರಲ್ಲಿ ಹೊಸ ಸಂಗೀತ ಹಂಚಿದ ನನ್ನ ಅನುಭವ

ಯಂತ್ರದ ತಾಳದ ಟೆಕ್ನೋ, ನಿಧಾನವಾಗಿ ಹರಡುವ ಆಂಬಿಯೆಂಟ್, ದೊಡ್ಡ ಕಂಪನಿಗಳಿಲ್ಲದೆ ಸ್ವಂತವಾಗಿ ಮಾಡುವ ಇಂಡಿ ಎಲ್ಲ ಬೆಂಗಳೂರಿಗೆ ಸರಿ, ಮೈಸೂರಲ್ಲಿ ಯಾರು ಕೇಳ್ತಾರೆ ಅಂತ ನನಗೆ ಹೇಳದವರೇ ಇಲ್ಲ. ಈಗ ಗುರುವಾರ ರಾತ್ರಿ ನಾನು ಕಳಿಸುವ ಹಾಡಿಗೆ ಇನ್ನೂರರ ಹತ್ತಿರ ಜನ ಕಾಯುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದವರೇ. ಅದರಲ್ಲಿ ಮೂವತ್ತು ನಲವತ್ತು ಜನ ದುಡ್ಡು ಕೊಟ್ಟು ಆಲ್ಬಂ ಕೊಳ್ಳುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಸಂಗೀತಗಾರರಿಂದಲೇ ಆಲ್ಬಂ ಕೊಳ್ಳುವ ಬ್ಯಾಂಡ್‌ಕ್ಯಾಂಪ್, ರೆಕಾರ್ಡುಗಳ ವಿವರ ಬರೆದಿಡುವ ಡಿಸ್ಕಾಗ್ಸ್, ಈ ಜಾಲತಾಣಗಳು ನಿಮಗೆ ಗೊತ್ತೇ ಇರುತ್ತವೆ. ಅವುಗಳ ಪರಿಚಯ ಮಾಡುತ್ತಾ ಕೂರುವುದಿಲ್ಲ.

ಮೊದಲು ಕೈಕೊಟ್ಟಿದ್ದನ್ನು ಹೇಳುತ್ತೇನೆ. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತಲ್ಲ, ಆಗ ನಲವತ್ತು ಹಾಡಿನ ಪ್ಲೇಲಿಸ್ಟ್ ಮಾಡಿ ಗೊತ್ತಿದ್ದವರಿಗೆಲ್ಲ ಕಳಿಸಿದೆ. "ಸೂಪರ್ ಮಗಾ" ಅಂತ ಉತ್ತರ ಬರುತ್ತಿತ್ತು. ಯಾವ ಹಾಡು ಹಿಡಿಸಿತು ಅಂದರೆ ಎಲ್ಲರೂ ಮೊದಲನೇ ಹಾಡಿನ ಹೆಸರನ್ನೇ ಹೇಳುತ್ತಿದ್ದರು. ನಲವತ್ತು ಕೊಟ್ಟರೆ ಜನ ಒಂದನ್ನೂ ಕೇಳುವುದಿಲ್ಲ. ಆಮೇಲೆ ವಾಟ್ಸಾಪ್ ಗ್ರೂಪ್. ನೂರು ಚಿಲ್ಲರೆ ಜನ ಸೇರಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ಗುಡ್ ಮಾರ್ನಿಂಗ್, ಸೈಟು ಮಾರಾಟಕ್ಕಿದೆ, ಕೆಆರ್‌ಎಸ್ ನೀರಿನ ಮಟ್ಟ ಇವೇ ಉಳಿದವು.

ಜಾಸ್ತಿ ದುಡ್ಡು ಹೋಗಿದ್ದು ಕೆಫೆಯಲ್ಲಿ. ಜಯಲಕ್ಷ್ಮೀಪುರಂ ಕಡೆ ಒಂದು ಕೆಫೆಯಲ್ಲಿ ಶನಿವಾರ ಸಂಜೆ ಕಾರ್ಯಕ್ರಮ ಇಟ್ಟೆ. ಬೆಂಗಳೂರಿಂದ ನುಡಿಸಲು ಬಂದ ಹುಡುಗನ ಬಸ್ಸು, ಉಳಿದುಕೊಳ್ಳುವ ಖರ್ಚು, ಸ್ಪೀಕರ್ ಬಾಡಿಗೆ, ಪೋಸ್ಟರ್ ಎಲ್ಲ ಸೇರಿ ಹದಿಮೂರು ಸಾವಿರದ ಹತ್ತಿರ ಬಿತ್ತು. ಟಿಕೆಟ್ಟಿಂದ ಬಂದಿದ್ದು ಮೂರೂವರೆ ಇರಬೇಕು. ಜನ ಬಂದರು, ಆದರೆ ಬಂದಿದ್ದು ಮಾತಾಡಲು. ಗಂಟೆ ಕಳೆಯುವುದರಲ್ಲಿ ಮಾಲೀಕರು "ಒಂದೆರಡು ಸಿನಿಮಾ ಹಾಡು ಹಾಕ್ಬಿಡಿ ಸಾರ್" ಅಂದರು. ಆವತ್ತು ಸ್ನೇಹಿತರೆಲ್ಲ ಇದು ಈ ಊರಲ್ಲಿ ಆಗಲ್ಲ ಬಿಡು ಅಂತ ತೀರ್ಮಾನ ಕೊಟ್ಟರು. ನನಗೆ ಆ ಮಾತು ಹಿಡಿಸಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ ಊರು ಇದು. ಇಲ್ಲಿ ಜನಕ್ಕೆ ಕಿವಿ ಇದೆ. ನಾವು ಕೊಡುವ ರೀತಿ ಸರಿಯಿರಬೇಕು ಅಷ್ಟೇ.

ದಾರಿ ಸಿಕ್ಕಿದ್ದು ಬರ್ಲಿನ್ನಿನ ಹಾರ್ಡ್ ವ್ಯಾಕ್ಸ್ ಅನ್ನುವ ರೆಕಾರ್ಡ್ ಅಂಗಡಿಯಿಂದ. 1989ರಿಂದ ನಡೆಯುತ್ತಿರುವ ಅಂಗಡಿ. ಅವರ ಜಾಲತಾಣ ನೋಡಿ, ಒಂದೊಂದು ರೆಕಾರ್ಡಿನ ಪಕ್ಕ ಒಂದೇ ಸಾಲು ಬರೆದಿರುತ್ತಾರೆ. ತೀರಾ ಇಷ್ಟವಾಗಿದ್ದರೆ ಪಕ್ಕದಲ್ಲಿ "ಟಿಪ್" ಅಂತ ಒಂದು ಪದ. ಅಷ್ಟಕ್ಕೇ ಜನ ಕೊಳ್ಳುತ್ತಾರೆ, ಯಾಕೆಂದರೆ ಆ ಸಾಲು ಬರೆದವರು ಕೇಳಿಯೇ ಬರೆದಿರುತ್ತಾರೆ ಅನ್ನುವ ನಂಬಿಕೆ. ನಾನು ಅದನ್ನೇ ಮೂರು ಸಾಲು ಮಾಡಿದೆ, ಕನ್ನಡದಲ್ಲಿ.

ಈಗ ಮಾಡುವುದು ಹೀಗೆ. ವಾರಕ್ಕೆ ಒಂದೇ ಹಾಡು. ಗ್ರೂಪ್ ಇಲ್ಲ, ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್. ಅದರಲ್ಲಿ ಒಂದು ಅನುಕೂಲ ಇದೆ, ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ, ಹಾಗಾಗಿ ಆಸಕ್ತಿ ಇಲ್ಲದವರು ತಾವಾಗಿಯೇ ಉದುರಿಹೋಗುತ್ತಾರೆ. ಒಂದು ಲಿಸ್ಟಿಗೆ 256 ಜನರ ಮಿತಿ ಇದೆ, ನನಗೆ ಅದು ಸಾಕು. ಉತ್ತರ ಬರೆದರೆ ನನಗೊಬ್ಬನಿಗೇ ಬರುತ್ತದೆ. ಎಲ್ಲರ ಮುಂದೆ ಹೇಳಲು ಸಂಕೋಚ ಪಡುವವರೂ ಹಾಗಾಗಿ ಬರೆಯುತ್ತಾರೆ. ಹಾಡಿನ ಜೊತೆ ಹೋಗುವ ಮೂರು ಸಾಲಿನ ಟಿಪ್ಪಣಿಯಲ್ಲಿ ಮೊದಲನೇ ಸಾಲು ಎಲ್ಲಿ ಕಿವಿ ಕೊಡಬೇಕು ಅಂತ. "2 ನಿಮಿಷ 40 ಸೆಕೆಂಡಿಗೆ ಬೇಸ್ ಹೊರಟುಹೋಗುತ್ತೆ, ಅದು ವಾಪಸ್ ಬರೋವರೆಗೂ ಫೋನ್ ಕೆಳಗಿಡಬೇಡಿ" ಅನ್ನುವ ಥರ. ಕೊನೇ ಸಾಲು ಮಾಡಿದವರು ಯಾರು, ಯಾವ ಊರು, ಆಲ್ಬಂ ಎಷ್ಟು ರೂಪಾಯಿ. ನಡುವಿನ ಸಾಲಿನಲ್ಲಿ ಏನಿರುತ್ತದೆ ಅನ್ನುವುದನ್ನು ಹೇಳಲ್ಲ. ಲಿಸ್ಟಿಗೆ ಸೇರಿದರೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ನಮ್ಮ ಜನ ಹಾಡನ್ನು ಮೊದಲು ಕೇಳುವುದು ಫೋನಿನ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲೋ ಮಲಗುವ ಮುಂಚೆಯೋ. ಟೆಕ್ನೋದ ಜೀವ ಇರುವುದು 40ರಿಂದ 60 ಹರ್ಟ್ಜ್ ಆಸುಪಾಸಿನಲ್ಲಿ, ಅಂದರೆ ತೀರಾ ತಗ್ಗಿನ ಬೇಸಿನಲ್ಲಿ, ಆ ಪುಟ್ಟ ಸ್ಪೀಕರಿಗೆ ಅದು ಬರುವುದೇ ಇಲ್ಲ. ಕೇಳಿದವರಿಗೆ ಟಿಕ್ ಟಿಕ್ ಅನ್ನುವ ಸದ್ದು ಮಾತ್ರ, ಇದರಲ್ಲಿ ಏನಿದೆ ಅಂತ ಬಿಟ್ಟುಬಿಡುತ್ತಾರೆ. ಹಾಗಾಗಿ ಪ್ರತಿ ಹಾಡನ್ನೂ ಮೊದಲು ಫೋನ್ ಸ್ಪೀಕರಿನಲ್ಲಿ, ಆಮೇಲೆ ಮುನ್ನೂರು ರೂಪಾಯಿಯ ಇಯರ್‌ಫೋನಿನಲ್ಲಿ, ಕೊನೆಗೆ ಮಂಡ್ಯಕ್ಕೆ ಹೋಗುವ ಟ್ರೈನಿನ ಗದ್ದಲದಲ್ಲಿ ಕೇಳುತ್ತೇನೆ. ಮೂರರಲ್ಲೂ ನಿಂತರೆ ಗುರುವಾರಕ್ಕೆ. ಬೇಸಿನ ಮೇಲೇ ನಿಂತ ಹಾಡುಗಳನ್ನು ತಾರಸಿ ಕೂಟಕ್ಕೆ ಎತ್ತಿಡುತ್ತೇನೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಹುಡುಕುವುದರ ಬಗ್ಗೆ ಹೇಳುವುದಾದರೆ, ಸ್ಪಾಟಿಫೈ ಆಪ್ ಕೊಡುವ ಸಲಹೆಯನ್ನು ನಾನು ನೋಡುವುದೇ ಕಮ್ಮಿ. ಸೋಮವಾರ ಸೋಮವಾರ ಮೂವತ್ತು ಹಾಡು ಬರುತ್ತವೆ, ನಿನ್ನೆ ಕೇಳಿದ್ದರ ಅಕ್ಕಪಕ್ಕದವೇ. ನಾನು ಹೆಸರುಗಳನ್ನು ಹಿಡಿದು ಹೋಗುತ್ತೇನೆ. ಬೆಂಗಳೂರಿನ ಸಲ್ಕ್ ಸ್ಟೇಷನ್ ಅನ್ನುವ ಇಬ್ಬರ ಎಲೆಕ್ಟ್ರಾನಿಕ್ ಸಂಗೀತ ತಂಡ ಇಷ್ಟವಾಯಿತು ಅಂದುಕೊಳ್ಳಿ. ಅದರ ರಾಹುಲ್ ಗಿರಿ ಅವರನ್ನು ಹಿಡಿದರೆ ಕನ್ಸಾಲಿಡೇಟ್ ಅನ್ನುವ ಸಂಗೀತಗಾರರ ಬಳಗಕ್ಕೆ ಬರುತ್ತೀರಿ, ಅಲ್ಲಿಂದ ಇನ್ನಷ್ಟು ಹುಡುಗರು ಸಿಗುತ್ತಾರೆ, ಎಲ್ಲ ನಮ್ಮಿಂದ ಮೂರು ಗಂಟೆ ದೂರದಲ್ಲಿ ಕೂತು ಮಾಡುತ್ತಿರುವವರು. ಡಿಸ್ಕಾಗ್ಸಿನಲ್ಲಿ ಕಲಾವಿದರ ಹೆಸರು ಬಿಟ್ಟು ಮಾಸ್ಟರಿಂಗ್, ಅಂದರೆ ರೆಕಾರ್ಡಿಗೆ ಹೋಗುವ ಮುಂಚೆ ಸದ್ದನ್ನು ಕೊನೇ ಸಲ ಹದ ಮಾಡುವ ಕೆಲಸ, ಯಾರು ಮಾಡಿದ್ದು ನೋಡಿ. ಬರ್ಲಿನ್ನಿನ ಡಬ್‌ಪ್ಲೇಟ್ಸ್ ಆಂಡ್ ಮಾಸ್ಟರಿಂಗ್ ಅನ್ನುವ ಸ್ಟುಡಿಯೋದಲ್ಲಿ ಕೆತ್ತಿದ ರೆಕಾರ್ಡುಗಳಲ್ಲಿ ಒಳಗಿನ ಖಾಲಿ ಸುತ್ತಿನ ಮೇಲೆ ಅವರ ಗುರುತು ಗೀಚಿರುತ್ತಾರೆ, ಡಿಸ್ಕಾಗ್ಸಿನವರು ಅದನ್ನೂ ಬರೆದಿಟ್ಟಿರುತ್ತಾರೆ. ಆ ಗುರುತು ಹಿಡಿದು ಹೋದರೆ ಹೆಸರೇ ಕೇಳದ ಲೇಬಲ್ಲುಗಳು, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆಗಳು, ಸಾಲಾಗಿ ಸಿಗುತ್ತವೆ. ಬ್ಯಾಂಡ್‌ಕ್ಯಾಂಪಿನಲ್ಲಿ ಆಲ್ಬಂ ಕೊಂಡವರ ಚಿತ್ರಗಳು ಇರುತ್ತವಲ್ಲ, ಅವರ ಸಂಗ್ರಹ ತೆರೆದು ನೋಡುವುದು ಎಲ್ಲರಿಗೂ ಗೊತ್ತು. ಆದರೆ ನೂರಾರು ಜನರಲ್ಲಿ ಯಾರ ಹಿಂದೆ ಹೋಗಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ವರ್ಷಗಟ್ಟಲೆ ಕೂತು ಕಂಡುಕೊಂಡಿದ್ದು, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಮೈಸೂರಿನವರಿಗೆ ಮಾತ್ರ ಇರುವ ಒಂದು ಅದೃಷ್ಟ ಗೋಕುಲಂ. ಯೋಗ ಕಲಿಯಲು ಎಲ್ಲೆಲ್ಲಿಂದಲೋ ಬಂದವರು ಬೆಳಗ್ಗೆ ಎಳನೀರಿನ ಗಾಡಿ ಹತ್ತಿರ ನಿಂತಿರುತ್ತಾರೆ. ಅವರನ್ನು ಯಾವ ಬ್ಯಾಂಡ್ ಇಷ್ಟ ಅಂತ ಕೇಳಬೇಡಿ, ಗೊತ್ತಿರುವ ಹೆಸರೇ ಹೇಳುತ್ತಾರೆ. ನಿಮ್ಮೂರಲ್ಲಿ ರೆಕಾರ್ಡ್ ಅಂಗಡಿ ಯಾವುದು ಅಂತ ಕೇಳಿ. ಪ್ರಿನ್ಸಿಪೆ ಲೇಬಲ್ ನನಗೆ ಸಿಕ್ಕಿದ್ದು ಹಾಗೆ, ಪೋರ್ಚುಗಲ್ಲಿನ ಲಿಸ್ಬನ್ನಿಂದ ಬಂದಿದ್ದ ಒಬ್ಬ ಹೆಂಗಸಿನಿಂದ. ಆ ಊರಿನ ಅಂಚಿನ ಬಡಾವಣೆಗಳಲ್ಲಿ ಇರುವ, ಅಂಗೋಲಾ, ಕೇಪ್ ವರ್ಡೆ ಮೂಲದ ಮನೆಗಳ ಹುಡುಗರು ಕಂಪ್ಯೂಟರಿನಲ್ಲಿ ಮಾಡುವ ಬಟೀಡಾ ಅನ್ನುವ ತಾಳದ ಸಂಗೀತ ಅದು. ರೆಕಾರ್ಡಿನ ಹೊದಿಕೆಗಳಿಗೂ ಲೇಬಲ್ಲಿನವರು ಕೈಯಲ್ಲೇ ಬಣ್ಣ ಹಾಕುತ್ತಾರೆ.

ಈ ಸಂಗೀತ ಕೇಳಿದ ದಿನವೇ ನನಗೆ ತಮಟೆ ನೆನಪಾಯಿತು. ಅದನ್ನು ಪರೀಕ್ಷೆ ಮಾಡದೆ ಬಿಡಲು ಮನಸ್ಸಾಗಲಿಲ್ಲ. ಮಂಡ್ಯದ ಹತ್ತಿರ ನಮ್ಮ ಅತ್ತೆಯ ಊರಲ್ಲಿ ಮಾರಮ್ಮನ ಹಬ್ಬ. ತಮಟೆಯವರು ಹುಲ್ಲು ಉರಿಸಿ ಚರ್ಮ ಕಾಯಿಸುತ್ತಿದ್ದರು. ಬ್ಯಾಟರಿ ಸ್ಪೀಕರ್ ಒಯ್ದಿದ್ದೆ, ಒಂದು ಟ್ರ್ಯಾಕ್ ಹಾಕಿದೆ. ಎಲ್ಲರಿಗಿಂತ ಹಿರಿಯರು ಸ್ವಲ್ಪ ಹೊತ್ತು ತಲೆ ಆಡಿಸಿ, ಬೆರಳಲ್ಲಿ ಅಂಚಿಗೆ ತಟ್ಟಿ ನೋಡಿ, "ಇದು ನಮ್ ಏಟೆಯ ಕಣಣ್ಣ, ಒಸಿ ಓಡುಸ್ತಾವ್ರೆ ಅಷ್ಟೆಯ" ಅಂದರು. ಆಮೇಲೆ ಚಿಟ್ಟೆ ಕಡ್ಡಿ ಹಿಡಿದು ಅದರ ಮೇಲೇ ಬಾರಿಸಿದರು. ಫೋನಿನಲ್ಲಿ ತಟ್ಟಿ ಅಳೆದೆ, ಅವರು ತಾವಾಗಿಯೇ ಬಾರಿಸುವಾಗ ಏಟು ನಿಮಿಷಕ್ಕೆ 130ರ ಆಚೀಚೆ ಇತ್ತು, ಹಾಡು 140ರ ಹತ್ತಿರ. ಆ ರೆಕಾರ್ಡಿಂಗನ್ನು ಮುಂದಿನ ಗುರುವಾರ, ಅವರನ್ನು ಕೇಳಿಯೇ, ಆ ಹಾಡಿನ ಜೊತೆ ಕಳಿಸಿದೆ. ಅಷ್ಟು ಉತ್ತರ ಯಾವ ವಾರವೂ ಬಂದಿರಲಿಲ್ಲ.

ತಾರಸಿ ಕೂಟ ಅಂದೆನಲ್ಲ, ಅದು ತಿಂಗಳಿಗೊಂದು ಭಾನುವಾರ, ಸರಸ್ವತಿಪುರಂನಲ್ಲಿ ನಮ್ಮ ಮನೆ ಮೇಲೆ. ಇಪ್ಪತ್ತು ಇಪ್ಪತ್ತೈದು ಜನ, ಅದಕ್ಕಿಂತ ಜಾಸ್ತಿ ಕರೆಯುವುದಿಲ್ಲ. ಹಾಡು ಓಡುವಾಗ ಮಾತಿಲ್ಲ, ಮುಗಿದ ಮೇಲೆ ಕಾಫಿ. ಕೆಫೆಯಲ್ಲಿ ಕೇಳದ ಜನವೇ ಇಲ್ಲಿ ನಲವತ್ತು ನಿಮಿಷದ ಆಂಬಿಯೆಂಟ್ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿಗೆ ಹದಿನಾಲ್ಕು ಸಾವಿರ ಕೊಟ್ಟ ನೆನಪು. ಶಾಮಿಯಾನದವರಿಂದ ಕುರ್ಚಿ, ಕಾಫಿ, ಬೋಂಡ ಸೇರಿ ಒಂದು ಸಲಕ್ಕೆ ಸಾವಿರದ ಇನ್ನೂರು. ಡಬ್ಬಿ ಇಟ್ಟಿರುತ್ತೇನೆ, ಖರ್ಚು ಹುಟ್ಟುತ್ತದೆ, ಕೆಲವು ತಿಂಗಳು ಇನ್ನೂರು ಮುನ್ನೂರು ಮಿಗುತ್ತದೆ.

ಒಂದು ಸಲ ಪಕ್ಕದ ಬೀದಿಯ ಪಿಟೀಲು ಮೇಷ್ಟ್ರು ಬಂದರು. ಅವರಿಗೆ ಅಂತಲೇ ಚರಣ್‌ಜಿತ್ ಸಿಂಗ್ ಹಾಕಿದೆ. ಮುಂಬೈಯ ಸಿನಿಮಾ ವಾದಕರು, 1982ರಲ್ಲಿ ರೋಲ್ಯಾಂಡ್ ಕಂಪನಿಯ 808 ಡ್ರಮ್ ಯಂತ್ರ, 303 ಬೇಸ್ ಯಂತ್ರ ಇಟ್ಟುಕೊಂಡು ಹತ್ತು ರಾಗ ನುಡಿಸಿದವರು. ಆಗ ಹೆಚ್ಚು ಜನ ಕೊಳ್ಳಲಿಲ್ಲ. 2010ರಲ್ಲಿ ನೆದರ್ಲೆಂಡ್ಸಿನ ಲೇಬಲ್ಲೊಂದು ಮತ್ತೆ ಹೊರತಂದ ಮೇಲೆ, ಅದೇ 303ರ ಮೇಲೆ ನಿಂತ ಶಿಕಾಗೋದ ಆಸಿಡ್ ಹೌಸ್ ನೃತ್ಯ ಸಂಗೀತಕ್ಕೂ ಮುಂಚೆ ಇದು ಇತ್ತೇ ಅಂತ ಎಲ್ಲರೂ ಬೆರಗಾದರು. ಹಿಂದೂಸ್ತಾನಿಯ ಭೈರವ್ ರಾಗ ಶುರುವಾಯಿತು. "ಇದು ಮಾಯಾಮಾಳವಗೌಳ ಅಲ್ವೇನಯ್ಯ? ಗಮಕ ಎಲ್ಲಿ?" ಅಂದರು ಮೇಷ್ಟ್ರು. "ಬೇಸ್ ಕೇಳಿ ಮೇಷ್ಟ್ರೇ" ಅಂದೆ. 303ರಲ್ಲಿ ಗಮಕದ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವ್ಯವಸ್ಥೆ ಇದೆ. ಒಂದೆರಡು ಸುತ್ತು ಕೇಳಿ, "ಹೂಂ, ಜಾರು ಇದೆ. ಯಂತ್ರಕ್ಕೆ ಇಷ್ಟು ಸಾಕು" ಅಂದರು. ಈಗ ಅವರು ಲಿಸ್ಟಿನಲ್ಲಿದ್ದಾರೆ, ಪ್ರತಿ ವಾರ ಸ್ವರಸ್ಥಾನ ಬರೆದು ಕಳಿಸುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ಬ್ಯಾಂಡ್‌ಕ್ಯಾಂಪ್ ಮಾಮೂಲಿ ದಿನ ಡಿಜಿಟಲ್ ಆಲ್ಬಮ್ಮಿಗೆ ನೂರಕ್ಕೆ ಹದಿನೈದು ಹಿಡಿಯುತ್ತದೆ. 2020ರ ಮಾರ್ಚಿನಿಂದ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ ಆ ಪಾಲು ಬಿಡುತ್ತಾರೆ, ದುಡ್ಡು ಸಂಗೀತ ಮಾಡಿದವರಿಗೆ ಹೋಗುತ್ತದೆ. ಅದು ಎಲ್ಲ ತಿಂಗಳೂ ಇರುವುದಿಲ್ಲ, ದಿನಾಂಕ ನೋಡಿಕೊಳ್ಳಿ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ ಪ್ರಕಾರ ನಡೆಯುವುದರಿಂದ ನಮಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ ಶುರು, ಶನಿವಾರ ಅದೇ ಹೊತ್ತಿನವರೆಗೆ. ಏಳು ಡಾಲರಿನ ಆಲ್ಬಂ ಬ್ಯಾಂಕಿನ ಶುಲ್ಕ ಸೇರಿ ಆರುನೂರು ದಾಟುತ್ತದೆ. ನಾನು ತಿಂಗಳಿಗೆ ಸಾವಿರದ ಐನೂರು ಎತ್ತಿಡುತ್ತೇನೆ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆಫ್ ಇದ್ದರೆ ಪಾವತಿ ಆಗುವುದಿಲ್ಲ, ಗುರುವಾರವೇ ಬ್ಯಾಂಕಿನ ಆಪಿಗೆ ಹೋಗಿ ಆನ್ ಮಾಡಿಡಿ.