ಟಿಆರ್‌ಎಸ್-80 ಮಾಡೆಲ್ 100 ಆನ್ ಆಗ್ತಿಲ್ವಾ? ಮೊದಲು ತಳ ನೋಡಿ

1983ರ ಈ ಪುಟ್ಟ ಕಂಪ್ಯೂಟರ್‌ಗೆ ನಾಲ್ಕು ಹೊಸ ಎಎ ಸೆಲ್ ಹಾಕಿದರೂ ಜೀವ ಬರದಿದ್ದರೆ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅದನ್ನು ಮಗುಚಿ. ತಳದಲ್ಲಿ ಮೆಮೊರಿ ಪವರ್ ಅಂತ ಒಂದು ಸಣ್ಣ ಸ್ವಿಚ್ ಇದೆ. ಪೆನ್ನಿನ ತುದಿಯಿಂದ ಅದನ್ನು ಆನ್ ಕಡೆಗೆ ಸರಿಸಿ, ಆಮೇಲೆ ಬದಿಯ ಪವರ್ ಸ್ವಿಚ್ ಹಾಕಿ. ಇದರಲ್ಲಿ ಫೈಲುಗಳೆಲ್ಲ ರ‍್ಯಾಮ್‌ನಲ್ಲೇ (ಕರೆಂಟ್ ಇರುವ ತನಕ ಮಾತ್ರ ನೆನಪಿಡುವ ಮೆಮೊರಿಯಲ್ಲಿ) ಇರುತ್ತವೆ, ಒಳಗಿನ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಅವನ್ನು ಕಾಯುತ್ತದೆ. ಜಾಸ್ತಿ ದಿನ ಎತ್ತಿಡುವವರು ಆ ಬ್ಯಾಟರಿ ಖಾಲಿಯಾಗದಿರಲಿ ಅಂತ ಈ ಸ್ವಿಚ್ ಆಫ್ ಮಾಡಿರುತ್ತಾರೆ. ಅದು ಆಫ್ ಇದ್ದರೆ ಪವರ್ ಸ್ವಿಚ್ ಹಾಕಿದರೂ ಏನೂ ಆಗುವುದಿಲ್ಲ. ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಸುಮ್ನೆ ಚುಚ್ಚಬೇಡಿ: ಇದಕ್ಕೆ ಬೇಕಿರುವುದು 6 ವೋಲ್ಟ್, ಪಿನ್ನಿನ ನಡುಭಾಗ ಮೈನಸ್. ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಅದು ಪ್ಲಸ್, ಅಂದರೆ ಪೂರ್ತಿ ಉಲ್ಟಾ. ಒಳಗಿನ ಬ್ಯಾಟರಿ ಸೋರಿದ್ದರೆ ಮಾತ್ರ ಈ ಸ್ವಿಚ್ಚಿನ ಉಪಾಯ ನಡೆಯುವುದಿಲ್ಲ. ಬೋರ್ಡಿನ ಮೇಲೆ ಹಸಿರು-ನೀಲಿ ಕಿಲುಬು ಕಂಡರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಬ್ಯಾಟರಿ ತೆಗೆಸಿ, ಆ ಜಾಗವನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಚೆನ್ನಾಗಿ ಸ್ವಚ್ಛ ಮಾಡಿ.