ಇದು ಮುಂದೆ ಯಾರ ಬಾಯಿಗೆ ಹೋಗುತ್ತದೆ?

ಸಂಸಾರ ಹೂಡಿದ ಹೊಸತರಲ್ಲಿ ಉಗ್ರಾಣದಲ್ಲಿ ಇಲಿಗಳ ಕಾಟ ಮಿತಿಮೀರಿತ್ತು. ಯಾರೋ ಹೇಳಿದರೆಂದು ವಿಷದ ಬಿಲ್ಲೆಗಳನ್ನು ತಂದು ಮೂಲೆಮೂಲೆಗೂ ಇರಿಸಿದೆ. ನಾಲ್ಕಾರು ದಿನಗಳಲ್ಲಿ ರಾತ್ರಿಯ ಸದ್ದು ಅಡಗಿತು, ನಾನೂ ನೆಮ್ಮದಿಯಿಂದ ಮಲಗಿದೆ. ಅದಾಗಿ ಒಂದು ವಾರದೊಳಗೆ ಹಿತ್ತಿಲ ಮರದ ಬುಡದಲ್ಲಿ ಒಂದು ಗೂಬೆ ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ, ಕೊಕ್ಕಿನ ಬಳಿ ಮಾತ್ರ ಒಣಗಿದ ರಕ್ತವಿತ್ತು. ಅದರ ಸಾವಿಗೆ ನಾನಿಟ್ಟ ವಿಷವೇ ಕಾರಣವೆಂದು ತೋರಿಸಲು ನನ್ನಲ್ಲಿ ಪುರಾವೆಯೇನೂ ಇರಲಿಲ್ಲ; ಆದರೆ ಆ ವಿಷ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಓದಿ ತಿಳಿದ ಮೇಲೆ ನನ್ನ ಮಟ್ಟಿಗೆ ಸಂಶಯ ಉಳಿಯಲಿಲ್ಲ. ಅಂದಿನಿಂದ ಏನನ್ನಾದರೂ ಕೊಲ್ಲುವ, ಚೆಲ್ಲುವ ಅಥವಾ ಎಸೆಯುವ ಮುನ್ನ, ಇದು ಮುಂದೆ ಯಾರ ಬಾಯಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವ ರೂಢಿ ಮಾಡಿಕೊಂಡೆ. 45 ವರ್ಷಗಳ ಮನೆವಾರ್ತೆಯಲ್ಲಿ ನನಗೆ ಇದಕ್ಕಿಂತ ಹೆಚ್ಚು ನೆರವಾದ ಪ್ರಶ್ನೆ ಮತ್ತೊಂದಿಲ್ಲ. ಇಲ್ಲಿ ಹೇಳಹೊರಟಿರುವ ಸಲಹೆಗಳೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದವು.

ಇಲಿಯ ವಿಷದಿಂದಲೇ ಆರಂಭಿಸುತ್ತೇನೆ. ಬ್ರೋಮಾಡಿಯೋಲೋನ್, ಬ್ರೋಡಿಫಾಕಮ್ ಮುಂತಾದ ವಿಷಗಳು ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ದೇಹಕ್ಕೆ ದೊರೆಯದಂತೆ ತಡೆಯುತ್ತವೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ನಿತ್ರಾಣವಾಗಿ, ತೂಗಾಡುತ್ತ, ಹಗಲು ರಾತ್ರಿಗಳ ಪರಿವೆಯಿಲ್ಲದೆ ಬಯಲಲ್ಲಿ ಓಡಾಡುತ್ತದೆ. ಹಾಗೆ ಓಡಾಡುವ ಇಲಿಯಷ್ಟು ಸುಲಭದ ಬೇಟೆ ಗೂಬೆಗಾಗಲಿ, ಹಾವಿಗಾಗಲಿ, ಮನೆಯ ಬೆಕ್ಕಿಗಾಗಲಿ ಬೇರೆ ಸಿಗದು. ವಿಷ ಇಲಿಯ ಯಕೃತ್ತಿನಲ್ಲಿ ಉಳಿದಿರುವುದರಿಂದ ಅದು ತಿಂದವರ ಒಡಲನ್ನೂ ಸೇರುತ್ತದೆ. ಒಂದು ಗೂಬೆ ಒಂದು ರಾತ್ರಿಗೆ 3–4 ಇಲಿಗಳನ್ನು ಹಿಡಿಯಬಲ್ಲದು. ಹೀಗಿರುವಾಗ ವಿಷವಿಟ್ಟು ಹತ್ತು ಇಲಿಗಳನ್ನು ಕೊಂದು, ನೂರಾರು ಇಲಿಗಳನ್ನು ಹಿಡಿಯಬೇಕಾಗಿದ್ದ ಹಕ್ಕಿಯನ್ನೇ ಕಳೆದುಕೊಂಡರೆ, ಮುಂದಿನ ವರ್ಷ ಉಗ್ರಾಣಕ್ಕೆ ನುಗ್ಗುವ ಇಲಿಗಳ ಸಂಖ್ಯೆ ಕಡಿಮೆಯಾಗುವುದಾದರೂ ಹೇಗೆ?

ಇಲಿಯನ್ನು ಕೊಲ್ಲುವುದಕ್ಕಿಂತ ಅದು ಒಳಗೆ ಬಾರದಂತೆ ನೋಡಿಕೊಳ್ಳುವುದೇ ಲೇಸು. ಸುಂಡಿಲಿ 6 ಮಿಲಿಮೀಟರಿನ ಸಂದಿಯಲ್ಲೂ ನುಸುಳುತ್ತದೆ, ಅಂದರೆ ಒಂದು ಪೆನ್ಸಿಲು ತೂರುವಷ್ಟು ಜಾಗ ಅದಕ್ಕೆ ಸಾಕು. ಒಂದು ದಿನ ಬಿಡುವು ಮಾಡಿಕೊಂಡು, ಕೈಯಲ್ಲಿ ಪೆನ್ಸಿಲು ಹಿಡಿದು, ಬಾಗಿಲ ಅಡಿ, ನೀರಿನ ಕೊಳವೆಗಳು ಗೋಡೆ ದಾಟುವ ಜಾಗ, ವಿದ್ಯುತ್ ತಂತಿಯ ರಂಧ್ರ, ಬಚ್ಚಲಿನ ಮೋರಿಯ ಬಾಯಿ ಇವನ್ನೆಲ್ಲ ಪರೀಕ್ಷಿಸಿ. ಪೆನ್ಸಿಲು ಹೋದಲ್ಲೆಲ್ಲ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ತುರುಕಿ ಮೇಲೆ ಗಾರೆ ಮೆತ್ತಿಸಿ. ಬರಿಯ ಬಟ್ಟೆ, ಮರದ ಚಕ್ಕೆ ಅಥವಾ ಪ್ಲಾಸ್ಟಿಕ್ಕು ಇಲಿಯ ಹಲ್ಲಿಗೆ ಒಂದು ರಾತ್ರಿಯ ಕೆಲಸ. ಒಳಗೆ ಉಳಿದವಕ್ಕೆ ಬೋನು ಇಡಿ, ಅದನ್ನೂ ಕೋಣೆಯ ನಡುವೆ ಇಡದೆ ಗೋಡೆಗೆ ತಾಗಿಸಿ ಇಡಿ, ಏಕೆಂದರೆ ಇಲಿ ಗೋಡೆಯ ಅಂಚನ್ನೇ ಹಿಡಿದು ಓಡುತ್ತದೆ. ಹಿಕ್ಕೆಗಳನ್ನು ಒಣಗಿದಂತೆಯೇ ಗುಡಿಸಬೇಡಿ. ಸೋಂಕು ನಿವಾರಕವನ್ನು ಚಿಮುಕಿಸಿ ನೆನೆಸಿ, ಕೈಗವಸು ಹಾಕಿಕೊಂಡು ಕಾಗದದಿಂದ ಬಾಚಿ ತೆಗೆಯಿರಿ. ಇಲಿಯಿಂದ ಬರುವ ರೋಗಗಳಲ್ಲಿ ಕೆಲವು ದೂಳಿನೊಂದಿಗೆ ಉಸಿರು ಸೇರಬಲ್ಲವು.

ಸೊಳ್ಳೆಯ ವಿಷಯ ಬೇರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಾಡಿನಿಂದಲೋ ದೂರದ ಕೊಳಚೆಯಿಂದಲೋ ಬರುವುದಿಲ್ಲ. ಅದನ್ನು ಸಾಕುವವರು ನಾವೇ. ಅದು ಸಾಮಾನ್ಯವಾಗಿ ತಾನು ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್‌ಗಳಾಚೆಗೆ ಹಾರುವುದಿಲ್ಲ, ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು 7ರಿಂದ 10 ದಿನಗಳು ಬೇಕು. ಆದ್ದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುತ್ತಾರೆ. ಆದರೆ ಬಹಳ ಮಂದಿ ಅರಿಯದೆ ಬಿಡುವ ಒಂದು ಸಂಗತಿಯಿದೆ: ಮೊಟ್ಟೆಗಳು ನೀರಿನಲ್ಲಿ ತೇಲುತ್ತಿರುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಮೈಗೆ ಕಪ್ಪು ಚುಕ್ಕೆಗಳಂತೆ ಅಂಟಿಕೊಂಡಿರುತ್ತವೆ ಮತ್ತು ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನೀರನ್ನು ಚೆಲ್ಲಿ ಪಾತ್ರೆಯನ್ನು ಬೋರಲು ಹಾಕಿದರೆ ಕೆಲಸ ಅರ್ಧವಷ್ಟೇ ಆದಂತೆ; ಗಟ್ಟಿ ಕುಂಚದಿಂದ ಒಳಮೈಯನ್ನು ಉಜ್ಜಿದಾಗಲೇ ಅದು ಪೂರ್ತಿಯಾಗುವುದು. ಡ್ರಮ್ಮು, ಸಂಪಿನ ಮುಚ್ಚಳ, ಹೂಕುಂಡದ ಅಡಿತಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಫ್ರಿಜ್ಜಿನ ಹಿಂಬದಿಯಲ್ಲಿರುವ ನೀರಿನ ತಟ್ಟೆ, ಮಡಿಸಿಟ್ಟ ಟಾರ್ಪಾಲಿನ ಮಡಿಕೆ, ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನಿಂತ ನೀರು, ಬಳಸದ ಶೌಚಾಲಯದ ಗುಂಡಿ ಇವು ಕಣ್ತಪ್ಪುತ್ತವೆ. ಹಕ್ಕಿಗಳಿಗೆಂದು ಇಟ್ಟ ನೀರಿನ ಬಟ್ಟಲನ್ನು ದಿನ ಬಿಟ್ಟು ದಿನ ಉಜ್ಜಿ ತುಂಬಿಸಿ.

ಹೊಗೆ ಹಾಯಿಸಿದರೆ ಸಾಲದೇ ಎಂದು ನನ್ನನ್ನು ಕೇಳುವವರುಂಟು. ಹೊಗೆ ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ, ಪಾತ್ರೆಯಂಚಿನ ಮೊಟ್ಟೆಯನ್ನು ಮುಟ್ಟುವುದಿಲ್ಲ. ಸೊಳ್ಳೆಯನ್ನು ತಿನ್ನುವ ಜೇಡಗಳೂ ಏರೋಪ್ಲೇನ್ ಚಿಟ್ಟೆಗಳೂ ಅದೇ ಹೊಗೆಗೆ ಸಿಕ್ಕಿಕೊಳ್ಳುತ್ತವೆ. ರೋಗ ಹಬ್ಬಿದಾಗ ಅದು ಬೇಕಾದೀತು, ಆದರೆ ವಾರದ ಉಜ್ಜಾಟಕ್ಕೆ ಬದಲಿಯಾಗಲಾರದು.

ಕೈತೋಟವಿರುವವರಿಗೆ ಒಂದು ಹಳೆಯ ಘಟನೆಯನ್ನು ನೆನಪಿಸುತ್ತೇನೆ. 1958ರಲ್ಲಿ ಚೀನಾದಲ್ಲಿ ಗುಬ್ಬಚ್ಚಿಗಳು ಧಾನ್ಯ ತಿನ್ನುತ್ತವೆಂದು ಅವನ್ನು ನಿರ್ಮೂಲಗೊಳಿಸುವ ಆಂದೋಲನ ನಡೆಯಿತು. ಜನ ತಟ್ಟೆ, ತಮಟೆ ಬಡಿದು ಹಕ್ಕಿಗಳು ಕೂರದಂತೆ ಅಟ್ಟಿ, ದಣಿದು ಬೀಳುವಂತೆ ಮಾಡಿದರು. ಗುಬ್ಬಚ್ಚಿಗಳು ಕಾಳಿನ ಜೊತೆಗೆ ಹುಳುಗಳನ್ನೂ ತಿನ್ನುತ್ತಿದ್ದವೆಂಬುದು ಬೆಳೆಗೆ ಕೀಟಗಳು ಮುತ್ತಿದಾಗ ಅರಿವಾಯಿತು. 1960ರಲ್ಲಿ ನಿರ್ಮೂಲಗೊಳಿಸಬೇಕಾದ ಜೀವಿಗಳ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ನಮ್ಮ ಹೂಕುಂಡಗಳಲ್ಲೂ ಇದೇ ತಪ್ಪು ಚಿಕ್ಕದಾಗಿ ನಡೆಯುತ್ತಿರುತ್ತದೆ. ಗಿಡಹೇನುಗಳನ್ನು ತಿನ್ನುವ ಗುಲಗಂಜಿ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ, ಆದರೆ ಅದರ ಮರಿಯನ್ನು ಗುರುತಿಸುವವರು ಕಡಿಮೆ; ಕಪ್ಪಗೆ, ಉದ್ದಕ್ಕೆ, ಕಿತ್ತಳೆ ಚುಕ್ಕೆಗಳಿರುವ ಪುಟ್ಟ ಮೊಸಳೆಯಂತೆ ಕಾಣುವ ಆ ಮರಿಯನ್ನು ಕೀಡೆಯೆಂದು ತಿಳಿದು ಹೊಸಕಿಬಿಡುತ್ತಾರೆ. ಚಿಗುರಿನಲ್ಲಿ ಹೇನು ಕಂಡರೆ ಮೊದಲು ಬರಿಯ ನೀರನ್ನು ಜೋರಾಗಿ ಹಾಯಿಸಿ ಉದುರಿಸಿ, ಎರಡು ಮೂರು ದಿನ ಕಾಯಿರಿ. ಹೋಗದಿದ್ದರೆ 1 ಲೀಟರ್ ನೀರಿಗೆ ಒಂದು ಚಹಾ ಚಮಚ ದ್ರವ ಸಾಬೂನು ಬೆರೆಸಿ ಹೇನುಗಳಿರುವ ಎಲೆಯಡಿಗೆ ಮಾತ್ರ, ಜೇನುನೊಣಗಳು ಗೂಡು ಸೇರಿದ ಸಂಜೆಯ ಮೇಲೆ ಸಿಂಪಡಿಸಿ.

ಇನ್ನು ಬಚ್ಚಲು ಮತ್ತು ಅಡುಗೆಮನೆಯ ಮೋರಿ. ಮನೆಯ ಎಲ್ಲ ತಪ್ಪುಗಳೂ ಕಣ್ಣಿಗೆ ಕಾಣದಂತೆ ಹೊರಟುಹೋಗುವ ದಾರಿ ಅದು, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕರಿದ ಎಣ್ಣೆ ಬಿಸಿಯಾಗಿರುವಾಗ ನೀರಿನಂತೆ ಹರಿಯುತ್ತದೆ, ಕೊಳವೆಯೊಳಗೆ ತಣಿದಾಗ ಗೋಡೆಗೆ ಮೆತ್ತಿಕೊಂಡು ಕೂದಲು, ಕಾಗದ, ಚಿಂದಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಒಳಚರಂಡಿಯಲ್ಲಿ ಹೀಗೆ ಗಟ್ಟಿಯಾದ ಜಿಡ್ಡಿನ ಮುದ್ದೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಅದನ್ನು ಒಡೆದು ತೆಗೆಯಲು ವಾರಗಳೇ ಹಿಡಿದವು. ಅಷ್ಟೂ ಜಿಡ್ಡು ಹೋದದ್ದು ಯಾರದೋ ಒಂದು ಮನೆಯಿಂದಲ್ಲ, ಒಂದೊಂದು ಬಾಣಲೆಯಿಂದ. ಬಾಣಲೆಯನ್ನು ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರೆಸಿ. ಮಿಕ್ಕ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಬಳಸಿದ ಎಣ್ಣೆಯನ್ನು ತೆಗೆದುಕೊಳ್ಳುವವರಿದ್ದರೆ ಅವರಿಗೆ ಕೊಡಿ.

ಬಟ್ಟೆ ಒಗೆಯುವ ಪುಡಿಯ ಮಾತು ಇನ್ನೂ ಮುಖ್ಯ. ಕೆಲವು ಪುಡಿಗಳಲ್ಲಿ ಫಾಸ್ಫೇಟ್, ಅಂದರೆ ರಂಜಕದ ಲವಣ, ಇರುತ್ತದೆ. ಅದು ಬಟ್ಟೆಯ ಕೊಳೆಯನ್ನು ಬಿಡಿಸಿದ ಮೇಲೆ ನೀರಿನೊಂದಿಗೆ ಹರಿದು ಕೆರೆ ಸೇರಿ ಪಾಚಿಗೆ ಗೊಬ್ಬರವಾಗುತ್ತದೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಲ್ಲಿ 226ನೆಯ ಸಂಖ್ಯೆಯ ಕೆರೆಯನ್ನು 1973ರಲ್ಲಿ ಅವರು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನಷ್ಟೇ ಹಾಕಿದರು, ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗ ದಟ್ಟ ಹಸಿರಾಯಿತು, ಪರದೆಯಾಚೆಯ ನೀರು ತಿಳಿಯಾಗಿಯೇ ಉಳಿಯಿತು. ಹೀಗೆ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವೆಲ್ಲ ಖರ್ಚಾಗಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಫಾಸ್ಫೇಟ್ ಇಲ್ಲವೆಂದು ಬರೆದಿರುವ ಪುಡಿಯನ್ನೇ ಕೊಳ್ಳಿ. ಅಳತೆಯ ಲೋಟವನ್ನು ತುಂಬಿಸದೆ ಒಮ್ಮೆ ಅರ್ಧ ಹಾಕಿ ನೋಡಿ. ಸಾಧಾರಣ ಕೊಳೆಗೆ ಅದೇ ಸಾಕಾಗುತ್ತದೆಂಬುದು ನನ್ನ ಅನುಭವ. ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರವಾಗುತ್ತದೆಂಬ ನಂಬಿಕೆಯಲ್ಲಿ ಹುರುಳಿಲ್ಲ.

ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚನ್ನೂ ಎಂದಿಗೂ ಬೆರೆಸಬೇಡಿ, ಒಂದರ ಹಿಂದೊಂದನ್ನು ಸುರಿಯಲೂ ಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಎದ್ದು, ಮುಚ್ಚಿದ ಬಚ್ಚಲಿನಲ್ಲಿರುವವರ ಶ್ವಾಸಕೋಶವನ್ನು ಸುಡುತ್ತದೆ. ಇಲ್ಲಿ ಆ ಬಾಯಿ ನಮ್ಮದೇ.

ಮದ್ದಿನ ಪೆಟ್ಟಿಗೆಯಲ್ಲಿ ಅವಧಿ ಮುಗಿದ ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಔಷಧ ಮನುಷ್ಯನಿಗೋ ದನಕ್ಕೋ ಹಿತವಾದುದರಿಂದ ಮಿಕ್ಕ ಜೀವಿಗಳಿಗೂ ಹಿತವೆಂದು ಭಾವಿಸುವಂತಿಲ್ಲ. ನಾವು ನೋವಿಗೆ ನುಂಗುವ ಡೈಕ್ಲೋಫೆನಾಕನ್ನು ಭಾರತ ಉಪಖಂಡದಲ್ಲಿ ಜಾನುವಾರುಗಳಿಗೂ ಕೊಡುತ್ತಿದ್ದರು. ಆ ಮದ್ದು ಮೈಯಲ್ಲಿದ್ದಾಗ ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು, ಅವು ದಿನಗಳೊಳಗೆ ಸತ್ತವು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರ ನಡುವೆ ಭಾರತದಲ್ಲಿ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿದರೂ, ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಮತ್ತೆ ಹೆಚ್ಚುವುದು ಎಷ್ಟು ನಿಧಾನವೆಂಬುದನ್ನು ನೀವೇ ಊಹಿಸಬಹುದು. ಕಳೇಬರವನ್ನು ಗಂಟೆಗಳಲ್ಲಿ ಮುಗಿಸುತ್ತಿದ್ದ ಆ ಹಕ್ಕಿಗಳು ಇಲ್ಲವಾದ ಮೇಲೆ ಬೀದಿನಾಯಿಗಳಿಗೆ ಆಹಾರ ಹೆಚ್ಚಿತು, ಅದರ ಜೊತೆಗೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಹಳೆಯ ಮಾತ್ರೆಗಳನ್ನು ಹಿಂದಕ್ಕೆ ಪಡೆಯುವ ಔಷಧದಂಗಡಿಯೋ ಆಸ್ಪತ್ರೆಯೋ ಹತ್ತಿರದಲ್ಲಿದ್ದರೆ ಅಲ್ಲಿಗೆ ತಲುಪಿಸಿ. ಇಲ್ಲದಿದ್ದರೆ ಹಾಳೆಯಿಂದ ಬಿಡಿಸಿ, ಯಾವ ಪ್ರಾಣಿಯೂ ಮೂಸದಂತೆ ಮಣ್ಣಿನೊಂದಿಗೆ ಕಲಸಿ, ಗಟ್ಟಿಯಾಗಿ ಕಟ್ಟಿದ ಚೀಲದಲ್ಲಿ ಕಸಕ್ಕೆ ಹಾಕಿ. ಪ್ರತಿಜೀವಕಗಳನ್ನಂತೂ ವೈದ್ಯರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಮುಂದಿನ ಜ್ವರಕ್ಕಿರಲಿ ಎಂದು ಎತ್ತಿಡಬೇಡಿ.

ಅಡುಗೆಮನೆಯ ಹಸಿಕಸಕ್ಕೆ ಮಾತ್ರ, ಮುಂದೆ ಯಾರ ಬಾಯಿಗೆ ಎಂಬ ಪ್ರಶ್ನೆಗೆ ಸಂತೋಷದ ಉತ್ತರವಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಅದು ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅದೇ ಸಿಪ್ಪೆಯನ್ನು ತೂತುಗಳಿರುವ ಕುಂಡದಲ್ಲಿ, ಒಂದು ಪಾಲು ಹಸಿಗೆ ಎರಡು ಪಾಲು ತರಗೆಲೆ ಸೇರಿಸಿ ಹಾಕುತ್ತ ಬಂದರೆ, ಸೂಕ್ಷ್ಮಜೀವಿಗಳೂ ಎರೆಹುಳುಗಳೂ ಎರಡು ಮೂರು ತಿಂಗಳಲ್ಲಿ ಅದನ್ನು ಕಪ್ಪು ಮಣ್ಣಾಗಿಸುತ್ತವೆ. ವಾಸನೆ ಬಂದರೆ ಅದು ಗಾಳಿ ಸಾಲದೆಂಬ ಸೂಚನೆ. ಕೆದಕಿ, ಒಣ ಎಲೆ ಹೆಚ್ಚಿಸಿ. ನೊಣ ಬಂದರೆ ಪ್ರತಿ ಸಲವೂ ಹಸಿಕಸದ ಮೇಲೆ ಒಂದು ಹಿಡಿ ಒಣಮಣ್ಣು ಮುಚ್ಚಿ. ತೀರ ಒಣಗಿ ಹೋಗಿದ್ದರೆ ನೀರು ಚಿಮುಕಿಸಿ. ಹಿಂಡಿದ ಸ್ಪಂಜಿನಷ್ಟು ಒದ್ದೆಯಿದ್ದರೆ ಸರಿ. ಅಂಗಳದ ಒಣ ಎಲೆಗಳನ್ನು ಸುಡುವ ಬದಲು ಚೀಲದಲ್ಲಿ ತುಂಬಿಟ್ಟುಕೊಂಡರೆ ವರ್ಷವಿಡೀ ಈ ಕುಂಡಕ್ಕೆ ಒದಗುತ್ತವೆ.

ರಾತ್ರಿಯ ದೀಪಗಳ ಬಗ್ಗೆ ಎರಡು ಮಾತು. ನೀಲಿಛಾಯೆಯ ಬಿಳಿ ಬೆಳಕಿಗೆ ಹುಳುಗಳು ಹೆಚ್ಚಾಗಿ ಮುತ್ತುತ್ತವೆ, ಹಳದಿ ಬೆಳಕಿಗೆ ಕಡಿಮೆ. ಹೊರಗಿನ ದೀಪ ಹಳದಿಯದಾಗಿರಲಿ, ಮೇಲೆ ಮುಸುಕು ಹಾಕಿ ನೆಲಕ್ಕಷ್ಟೇ ಬೆಳಕು ಬೀಳುವಂತಿರಲಿ, ಬೇಡದ ಹೊತ್ತಿನಲ್ಲಿ ಆರಿರಲಿ. ಹಗಲಿನಲ್ಲಿ ತೊಂದರೆ ಕೊಡುವುದು ದೊಡ್ಡ ಕಿಟಕಿಯ ಗಾಜು. ಅದರಲ್ಲಿ ಮೂಡುವ ಆಕಾಶವನ್ನೂ ಮರವನ್ನೂ ನಿಜವೆಂದು ತಿಳಿದು ಹಕ್ಕಿಗಳು ಬಂದು ಬಡಿಯುತ್ತವೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿಗಳು ಅದನ್ನು ತಪ್ಪಿಸಿಕೊಂಡು ಪಕ್ಕದಲ್ಲೇ ನುಗ್ಗುತ್ತವೆ. ಗಾಜಿನ ತುಂಬ 5 ಸೆಂಟಿಮೀಟರಿಗೊಂದರಂತೆ ಚುಕ್ಕೆಗಳನ್ನಿಡಿ, ಅವನ್ನೂ ಹೊರಮೈಗೇ ಇಡಿ. ಒಳಗಡೆ ಅಂಟಿಸಿದವು ಗಾಜಿನ ಹೊಳಪಿನಲ್ಲಿ ಮುಚ್ಚಿಹೋಗುತ್ತವೆ. ಬಡಿದು ಬಿದ್ದ ಹಕ್ಕಿಗೆ ಬಾಯಿಗೆ ನೀರು ಹಾಕಬೇಡಿ, ಅದು ಉಸಿರಿಗೆ ಹೋಗಬಹುದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಾದ ಸದ್ದಿಲ್ಲದ ಜಾಗದಲ್ಲಿ ಒಂದೆರಡು ಗಂಟೆ ಇರಿಸಿ, ಅಂಗಳಕ್ಕೆ ತಂದು ಮುಚ್ಚಳ ತೆರೆಯಿರಿ. ಹಾರದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಿರಿ.